ಚಳಿಗಾಲದ ಕೊಲೆಗಳೂ ಶಾಖದ ಲೆಕ್ಕವೂ

೧೯೪೨ನೆಯ ಇಸವಿ ಫೆಬ್ರುವರಿ ತಿಂಗಳ ೯ನೆಯ ತಾರೀಖು, ಸೋಮವಾರ ಬೆಳಗ್ಗೆ, ಲಂಡನ್ ನಗರದ ಮೇರಿಲಬೋನ್ ಭಾಗದ ಮಾಂಟಗ್ಯು ಪ್ಲೇಸ್ ಎಂಬ ಬೀದಿಯಲ್ಲಿ ಸ್ತ್ರೀಯೊಬ್ಬಳ ಶವ ಕಣ್ಣಿಗೆ ಬಿತ್ತು. ವಿಮಾನದಾಳಿಯ ಕಾಲದಲ್ಲಿ ಜನ ಅಡಗಿಕೊಳ್ಳಲೆಂದು ಇಟ್ಟಿಗೆಯಿಂದ ಕಟ್ಟಿದ್ದ ಆಶ್ರಯತಾಣದೊಳಗೆ ಅದು ಬಿದ್ದಿತ್ತು. ಆಕೆ ಔಷಧಿ ತಯಾರಿಸುವ ವೃತ್ತಿಯವಳು. ಕೆಲಸಕ್ಕಾಗಿ ಬೇರೊಂದು ಊರಿಗೆ ಹೊರಟವಳು ದಾರಿಯಲ್ಲಿ ಒಂದು ರಾತ್ರಿ ಲಂಡನ್ನಿನಲ್ಲಿ ತಂಗಿದ್ದಳು. ಕತ್ತು ಹಿಸುಕಿ ಕೊಲ್ಲಲಾಗಿತ್ತು. ಹಣದ ಚೀಲ ಹೋಗಿತ್ತು. ಯಾವನೋ ದರೋಡೆಕೋರನ ಕೃತ್ಯವೆಂದು ಪೋಲೀಸರು ಭಾವಿಸಿದರು. ಆದರೆ ಮರುದಿನವೇ ವಾರ್ಡರ್ ಬೀದಿಯ ಕೊಠಡಿಯೊಂದರಲ್ಲಿ ಎರಡನೆಯ ಕೊಲೆ ಬೆಳಕಿಗೆ ಬಂದಿತು. ೧೩ನೆಯ ತಾರೀಖು ಶುಕ್ರವಾರ ಗಾಸ್‌ಫೀಲ್ಡ್ ಬೀದಿಯಲ್ಲೊಂದು, ಸಸೆಕ್ಸ್ ಗಾರ್ಡನ್ಸ್‌ನಲ್ಲೊಂದು, ಹೀಗೆ ಒಂದೇ ದಿನ ಇನ್ನೆರಡು ಶವಗಳು ದೊರೆತವು. ಒಂದು ವಾರ ತುಂಬುವುದರೊಳಗಾಗಿ ನಾಲ್ವರು ಹೆಂಗಸರು ಪ್ರಾಣ ಕಳೆದುಕೊಂಡಿದ್ದರು.

ಇಂಗ್ಲೆಂಡಿನಲ್ಲಿ ಅದು ಸತತವಾಗಿ ಮೂರನೆಯ ಕಠಿಣ ಚಳಿಗಾಲ. ಆ ಫೆಬ್ರುವರಿಯ ಸರಾಸರಿ ಉಷ್ಣತೆ ನೀರು ಹೆಪ್ಪುಗಟ್ಟುವ ಬಿಂದುವಿನ ಆಸುಪಾಸಿನಲ್ಲಿಯೇ ಇದ್ದಿತು. ಚಳಿಯೊಡನೆ ಕತ್ತಲೆಯೂ ಕೂಡಿಕೊಂಡಿತ್ತು. ೧೯೩೯ರ ಸೆಪ್ಟೆಂಬರ್ ೧ರಿಂದ ಶತ್ರುವಿಮಾನಗಳ ಭಯಕ್ಕಾಗಿ ಬೀದಿಯ ದೀಪಗಳನ್ನೆಲ್ಲ ಆರಿಸಿ, ಮನೆಗಳ ಕಿಟಕಿಗಳಿಗೆ ಕಪ್ಪು ಬಟ್ಟೆ ಕಟ್ಟಲಾಗಿತ್ತು. ಬೆಳಕಿನಿಂದ ಕತ್ತಲೆಗೆ ಬಂದ ಕಣ್ಣು ಅದಕ್ಕೆ ಪೂರ್ತಿಯಾಗಿ ಹೊಂದಿಕೊಳ್ಳಲು ಅರ್ಧ ಗಂಟೆಗಿಂತ ಹೆಚ್ಚು ಬೇಕು. ಹೊಂದಿಕೊಂಡ ಮೇಲೂ ಆ ಮಂದ ಬೆಳಕಿನಲ್ಲಿ ಕೆಲಸಮಾಡುವ ದಂಡಕೋಶಗಳಿಗೆ ಬಣ್ಣ ತಿಳಿಯದು, ಸೂಕ್ಷ್ಮ ವಿವರ ಸಿಕ್ಕದು. ಮದ್ಯದಂಗಡಿಯಿಂದ ಹೊರಬಿದ್ದ ಒಬ್ಬ ಮನುಷ್ಯ ಹತ್ತು ಹೆಜ್ಜೆ ನಡೆದರೆ ನೋಡುವವರ ಪಾಲಿಗೆ ಇಲ್ಲವಾಗುತ್ತಿದ್ದನು. ಇಂತಹ ನಗರದಲ್ಲಿ ಪ್ರತ್ಯಕ್ಷಸಾಕ್ಷಿಯನ್ನು ನೆಚ್ಚಿ ಕೊಲೆಗಾರನನ್ನು ಹುಡುಕುವುದು ಸಾಧ್ಯವಿರಲಿಲ್ಲ. ಮಾತನಾಡದ ವಸ್ತುಗಳಿಂದಲೇ ಸಾಕ್ಷ್ಯವನ್ನು ಹೊರಡಿಸಬೇಕಾಗಿದ್ದಿತು.

ಪತ್ತೆಯ ಹೊಣೆಯನ್ನು ಹೊತ್ತವನು ಸ್ಕಾಟ್ಲೆಂಡ್ ಯಾರ್ಡಿನ ಮುಖ್ಯ ಇನ್‌ಸ್ಪೆಕ್ಟರ್ ಎಡ್ವರ್ಡ್ ಗ್ರೀನೊ. ಬೆರಳಚ್ಚುಗಳನ್ನು ನೋಡಿದವನು ಫ್ರೆಡರಿಕ್ ಚೆರಿಲ್. ಶವಗಳನ್ನು ಪರೀಕ್ಷಿಸಿದವನು ಸರ್ ಬರ್ನಾರ್ಡ್ ಸ್ಪಿಲ್ಸ್‌ಬರಿ. ಈ ಮೂರನೆಯವನು ಪೋಲೀಸಿನವನಲ್ಲ, ವೈದ್ಯ. ಆದರೂ ಆ ಕಾಲದ ಇಂಗ್ಲೆಂಡಿನಲ್ಲಿ ಪತ್ತೇದಾರನೆಂದರೆ ಜನರ ಮನಸ್ಸಿಗೆ ಬರುತ್ತಿದ್ದವರಲ್ಲಿ ಆತನು ಮೊದಲಿಗನೆಂದರೆ ತಪ್ಪಾಗದು. ೧೯೧೦ರ ಕ್ರಿಪ್ಪೆನ್ ಮೊಕದ್ದಮೆಯಲ್ಲಿ ಹೆಸರು ಮಾಡಿ, ಮೂವತ್ತು ವರ್ಷಗಳ ಕಾಲ ನ್ಯಾಯಾಲಯಗಳಲ್ಲಿ ಸಾಕ್ಷ್ಯ ನುಡಿದವನು. ಆತನು ನಡೆಸಿದ ಶವಪರೀಕ್ಷೆಗಳ ಸಂಖ್ಯೆ ೨೦,೦೦೦ವನ್ನು ಮೀರುತ್ತದೆ. ಕೊಲೆಯ ಸ್ಥಳದಲ್ಲಿ ಅಧಿಕಾರಿಗಳು ಬರಿಗೈಯಿಂದ ಮಾಂಸದ ತುಂಡುಗಳನ್ನು ಎತ್ತುತ್ತಿದ್ದುದನ್ನು ೧೯೨೪ರಲ್ಲಿ ಕಂಡು ಬೆಚ್ಚಿ, ಕೈಗವಸು, ಚಿಮಟ, ಭೂತಗನ್ನಡಿ ಮೊದಲಾದುವನ್ನು ಒಳಗೊಂಡ ಒಂದು ಸಿದ್ಧ ಪೆಟ್ಟಿಗೆ ಪೋಲೀಸರ ಬಳಿ ಸದಾ ಇರುವಂತೆ ಮಾಡಿದವರಲ್ಲಿ ಆತನೂ ಒಬ್ಬನು.

೧೯೪೨ರ ಆ ವಾರದಲ್ಲಿ ಆತನಿಗೆ ೬೪ ವರ್ಷ. ೧೯೪೦ರ ಮೇ ತಿಂಗಳಿನಲ್ಲಿ ಆತನಿಗೆ ಪಾರ್ಶ್ವವಾಯು ತಟ್ಟಿತ್ತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ವೈದ್ಯನಾಗಿದ್ದ ಆತನ ಮಗ ಪೀಟರ್, ಆಸ್ಪತ್ರೆಯ ಮೇಲೆಯೇ ಬಿದ್ದ ಬಾಂಬಿಗೆ ಬಲಿಯಾದನು. ಆ ತರುವಾಯ ತಂದೆಯು ಮೊದಲಿನಂತಾಗಲಿಲ್ಲವೆಂದು ಬಲ್ಲವರು ಬರೆದಿದ್ದಾರೆ. ಆದರೂ ಕೆಲಸ ಬಿಡಲಿಲ್ಲ. ಮಗನನ್ನು ನುಂಗಿದ ಊರಿನಲ್ಲಿಯೇ, ಅದೇ ಯುದ್ಧದ ಕತ್ತಲೆಯಲ್ಲಿ, ಪರರ ಮಕ್ಕಳ ಶವಗಳ ಮುಂದೆ ಬಾಗಿ ನಿಂತು, ಇವರು ಸತ್ತದ್ದು ಹೇಗೆ, ಯಾವಾಗ ಎಂದು ಹೇಳುವ ಕಾರ್ಯ ಆತನದಾಗಿತ್ತು.

‘ಹೇಗೆ’ ಎಂಬುದು ವೈದ್ಯಶಾಸ್ತ್ರದ ಪ್ರಶ್ನೆ. ‘ಯಾವಾಗ’ ಎಂಬುದು ಬಹುಮಟ್ಟಿಗೆ ಭೌತವಿಜ್ಞಾನದ ಪ್ರಶ್ನೆ. ಈ ಎರಡನೆಯದನ್ನೇ ಇಲ್ಲಿ ಸ್ವಲ್ಪ ವಿವರವಾಗಿ ನೋಡೋಣ. ಏಕೆಂದರೆ ‘ನಾನು ಆ ವೇಳೆಯಲ್ಲಿ ಅಲ್ಲಿರಲಿಲ್ಲ’ ಎಂದು ಆರೋಪಿಯು ಹೇಳಿದಾಗ ಆತನ ಪ್ರಾಣವೆಲ್ಲ ಆ ‘ವೇಳೆ’ ಎಂಬ ಒಂದು ಮಾತಿನ ಮೇಲೆ ನಿಂತಿರುತ್ತದೆ. ಆ ವೇಳೆಯನ್ನು ಹೇಳುವ ಗಡಿಯಾರವೋ, ಹೆಣದ ಶಾಖ.

ಜೀವಂತ ಶರೀರದ ಒಳಗಿನ ಉಷ್ಣತೆ ಸುಮಾರು ೩೭ ಡಿಗ್ರಿ ಸೆಲ್ಸಿಯಸ್. ಆಹಾರವನ್ನು ದಹಿಸಿ ದೇಹವು ಶಾಖವನ್ನು ಹುಟ್ಟಿಸುತ್ತದೆ, ಚರ್ಮದ ಮೂಲಕ ಅದನ್ನು ಹೊರಕ್ಕೆ ಬಿಡುತ್ತದೆ. ಎರಡೂ ಸರಿತೂಗುವುದರಿಂದ ಉಷ್ಣತೆ ಏರದೆ ಇಳಿಯದೆ ನಿಲ್ಲುತ್ತದೆ. ಮರಣದಿಂದ ಆದಾಯ ನಿಂತುಹೋಗುತ್ತದೆ, ವೆಚ್ಚ ಮಾತ್ರ ಮುಂದುವರಿಯುತ್ತದೆ. ಹಾಗಾದರೆ ಈಗ ಎಷ್ಟು ಆರಿದೆಯೆಂಬುದನ್ನು ಅಳೆದರೆ ಎಷ್ಟು ಹೊತ್ತಿನಿಂದ ಆರುತ್ತಿದೆಯೆಂಬುದನ್ನು ಹೇಳಬಹುದಲ್ಲವೆ? ಹಳೆಯ ಕಾಲದ ವೈದ್ಯರು ಇದಕ್ಕೊಂದು ಸುಲಭಸೂತ್ರವನ್ನಿಟ್ಟುಕೊಂಡಿದ್ದರು: ಗಂಟೆಗೆ ಒಂದೂವರೆ ಫ್ಯಾರನ್‌ಹೀಟ್ ಡಿಗ್ರಿ, ಎಂದರೆ ಸುಮಾರು ೦.೮೩ ಸೆಲ್ಸಿಯಸ್ ಡಿಗ್ರಿ ಇಳಿಯುತ್ತದೆ ಎಂದು. ಸೂತ್ರ ಸುಲಭವಾದದ್ದೇ ಅದರ ದೊಡ್ಡ ದೋಷ. ಹೆಪ್ಪುಗಟ್ಟುವ ಚಳಿಯಲ್ಲಿ ಬಿದ್ದ ದೇಹವೂ ಬೆಚ್ಚನೆಯ ಕೋಣೆಯಲ್ಲಿ ಮಲಗಿದ ದೇಹವೂ ಒಂದೇ ವೇಗದಿಂದ ಆರುತ್ತವೆಂದು ಯಾವ ಗೃಹಿಣಿ ತಾನೆ ಒಪ್ಪಿಯಾಳು?

ಇದಕ್ಕಿಂತ ಮೇಲಾದ ನಿಯಮವನ್ನು ೧೭೦೧ರಲ್ಲಿಯೇ ನ್ಯೂಟನ್ನನು ಹೇಳಿದ್ದನು. ಆ ಲೇಖನವನ್ನು ಆತನು ಲ್ಯಾಟಿನ್ ಭಾಷೆಯಲ್ಲಿ, ಹೆಸರು ಹಾಕದೆ ಪ್ರಕಟಿಸಿದನು. ಬಿಸಿಯಾದ ವಸ್ತು ಶಾಖವನ್ನು ಕಳೆದುಕೊಳ್ಳುವ ವೇಗವು, ಆ ವಸ್ತುವಿಗೂ ಸುತ್ತಣ ಗಾಳಿಗೂ ಇರುವ ಉಷ್ಣತೆಯ ಅಂತರಕ್ಕೆ ಅನುಪಾತವಾಗಿರುತ್ತದೆ ಎಂಬುದು ಅದರ ಸಾರ. ಅಂತರ ಹೆಚ್ಚಾಗಿದ್ದಾಗ ಬೇಗ ಆರುತ್ತದೆ. ಆರುತ್ತ ಆರುತ್ತ ಅಂತರ ಕುಗ್ಗಿ, ಆರುವುದೂ ನಿಧಾನವಾಗುತ್ತದೆ. ಸಾಲಗಾರನು ಪ್ರತಿ ತಿಂಗಳೂ ಉಳಿದ ಸಾಲದ ಹತ್ತನೆಯ ಒಂದು ಪಾಲನ್ನು ತೀರಿಸುತ್ತ ಹೋದಂತೆ ಇದು: ಮೊದಲ ಕಂತು ದೊಡ್ಡದು, ಬರಬರುತ್ತ ಕಂತು ಕಿರಿದಾಗುತ್ತದೆ, ಸಾಲವೋ ಪೂರ್ತಿಯಾಗಿ ಎಂದೂ ತೀರುವುದಿಲ್ಲ.

ಒಂದು ಲೆಕ್ಕವನ್ನು ಮಾಡಿಯೇ ನೋಡೋಣ. ಇದು ಲಂಡನ್ನಿನ ಆ ಪ್ರಕರಣಗಳ ಅಂಕಿಯಲ್ಲ, ವಿವರಣೆಗಾಗಿ ಕಲ್ಪಿಸಿಕೊಂಡದ್ದು. ಬೆಂಕಿಯಿಲ್ಲದ ಕೋಣೆಯ ಗಾಳಿ ೫ ಡಿಗ್ರಿಯಲ್ಲಿದೆ. ಶವದ ಒಳಗಿನ ಉಷ್ಣತೆ ಈಗ ೨೯ ಡಿಗ್ರಿ. ಒಂದು ಗಂಟೆಯ ತರುವಾಯ ಅಳೆದಾಗ ೨೭.೫ ಡಿಗ್ರಿ. ಗಾಳಿಯೊಡನೆ ಇರುವ ಅಂತರ ಈ ಒಂದು ಗಂಟೆಯಲ್ಲಿ ೨೪ರಿಂದ ೨೨.೫ಕ್ಕೆ ಇಳಿದಿದೆ, ಎಂದರೆ ಹದಿನಾರರಲ್ಲಿ ಒಂದು ಪಾಲು ಕಡಮೆಯಾಗಿದೆ. ಪ್ರಾರಂಭದಲ್ಲಿ ಈ ಅಂತರ ೩೭ರಲ್ಲಿ ೫ ಕಳೆದು ೩೨ ಇದ್ದಿರಬೇಕು. ಪ್ರತಿ ಗಂಟೆಯೂ ಹದಿನಾರನೆಯ ಒಂದು ಪಾಲನ್ನು ಕಳೆಯುತ್ತ ೩೨ರಿಂದ ೨೪ಕ್ಕೆ ಬರಲು ಸುಮಾರು ನಾಲ್ಕೂವರೆ ಗಂಟೆ ಬೇಕೆಂದು ಗಣಿತ ಹೇಳುತ್ತದೆ. ಹಳೆಯ ವೈದ್ಯರ ಸುಲಭಸೂತ್ರವನ್ನೇ ಹಿಡಿದಿದ್ದರೆ? ೮ ಡಿಗ್ರಿ ಇಳಿದಿದೆ, ಗಂಟೆಗೆ ೦.೮೩ರಂತೆ ಒಂಬತ್ತೂವರೆ ಗಂಟೆಗೂ ಮೀರುತ್ತದೆ! ಒಂದು ಲೆಕ್ಕದಂತೆ ಕೊಲೆ ನಡೆದದ್ದು ಬೆಳಗಿನ ಜಾವ, ಇನ್ನೊಂದರಂತೆ ಹಿಂದಿನ ರಾತ್ರಿ. ನಿರಪರಾಧಿಯಾದವನು ಈ ಎರಡರ ನಡುವೆ ಸಿಕ್ಕಿಕೊಂಡರೆ ಆತನ ಗತಿಯೇನು?

ನ್ಯೂಟನ್ನನ ಲೆಕ್ಕವೇ ಸರಿಯೆಂದು ಓದುಗರು ನಿರ್ಧರಿಸಿಬಿಡಬಾರದು. ತಟ್ಟೆಗೆ ಬಿದ್ದ ರಾಗಿಮುದ್ದೆಯ ಮೇಲ್ಮೈಯನ್ನು ಮುಟ್ಟಿ, ಆರಿತೆಂದು ನಂಬಿ ನಡುವಿಗೆ ಕೈಹಾಕಿದವನ ಬೆರಳು ಸುಟ್ಟುಕೊಳ್ಳುತ್ತದೆ. ಹೊರಗಿನ ಪದರ ತಣ್ಣಗಾದ ಮೇಲಲ್ಲದೆ ಒಳಗಿನ ಶಾಖಕ್ಕೆ ಹೊರಬರಲು ಪ್ರೇರಣೆಯಿಲ್ಲ. ಬರಲು ಹೊರಟರೂ ದಾರಿ ಸಲೀಸಲ್ಲ. ಮಾಂಸ, ಕೊಬ್ಬು ಇವು ಶಾಖವನ್ನು ಸಾಗಿಸುವುದರಲ್ಲಿ ಬಹಳ ಮಂದ. ತಾಮ್ರವು ಇವಕ್ಕಿಂತ ನೂರಾರು ಪಟ್ಟು ಚುರುಕು. ಜೀವವಿದ್ದಾಗ ಈ ಕೊರತೆಯನ್ನು ರಕ್ತದ ಓಟವು ತುಂಬಿಕೊಡುತ್ತದೆ. ಹೃದಯ ನಿಂತ ಕ್ಷಣದಿಂದ ಆ ಸಾಗಾಣಿಕೆಯೂ ನಿಲ್ಲುತ್ತದೆ. ಆದುದರಿಂದ ಮರಣಾನಂತರ ಚರ್ಮ ಕೂಡಲೇ ತಣ್ಣಗಾಗತೊಡಗಿದರೂ, ಶರೀರದ ಗರ್ಭದಲ್ಲಿಟ್ಟ ಉಷ್ಣಮಾಪಕವು ಮೊದಲ ಒಂದೆರಡು ಗಂಟೆ, ಕೆಲವು ವೇಳೆ ಅದಕ್ಕೂ ಹೆಚ್ಚು ಹೊತ್ತು, ಏನೂ ಆಗಿಲ್ಲವೆಂಬಂತೆ ಸುಮ್ಮನಿರುತ್ತದೆ. ಉಷ್ಣತೆಯ ನಕ್ಷೆಯನ್ನು ಬರೆದರೆ ಮೊದಲು ಒಂದು ಮಟ್ಟಸವಾದ ಗುಡ್ಡ, ಆಮೇಲೆ ಇಳಿಜಾರು, ಕೊನೆಗೆ ನಿಧಾನವಾದ ಬಯಲು. ನ್ಯೂಟನ್ನನು ಕಬ್ಬಿಣವನ್ನು ಸಮನಾಗಿ ಬೀಸುವ ಗಾಳಿಯಲ್ಲಿಟ್ಟು ನೋಡಿದ್ದನು. ಶಾಖವನ್ನು ಸುಲಭವಾಗಿ ಸಾಗಿಸುವ ಕಬ್ಬಿಣಕ್ಕೆ ಇಂತಹ ಗುಡ್ಡದ ಚಿಂತೆಯಿಲ್ಲ.

ಮರಣವೇಳೆಯ ಪ್ರಶ್ನೆಗೆ ನ್ಯೂಟನ್ನನ ನಿಯಮವನ್ನು ಹಚ್ಚಿ, ಅದು ಮೊದಲ ಗಂಟೆಗಳಲ್ಲಿ ಒಪ್ಪುವುದಿಲ್ಲವೆಂಬುದನ್ನು ೧೮೬೮ರಲ್ಲಿಯೇ ತೋರಿಸಿದವನು ಗ್ಲಾಸ್ಗೊ ನಗರದ ಪ್ರಾಧ್ಯಾಪಕ ಹ್ಯಾರಿ ರೇನಿ. ಅದೂ ಚಳಿಯ ಊರೇ. ಆದರೆ ಆ ಗುಡ್ಡವನ್ನು ಗಣಿತದಲ್ಲಿ ಹಿಡಿದಿಡುವ ಸೂತ್ರ ಬರಲು ಇನ್ನೂ ತೊಂಬತ್ತನಾಲ್ಕು ವರ್ಷ ಹಿಡಿಯಿತು. ೧೯೬೨ರಲ್ಲಿ ಮಾರ್ಷಲ್ ಮತ್ತು ಹೋರ್ ಎಂಬಿಬ್ಬರು, ಒಂದರ ಬದಲು ಎರಡು ಇಳಿತಗಳನ್ನು ಕೂಡಿಸಿದ ಸಮೀಕರಣವನ್ನು ಕೊಟ್ಟರು. ಅವುಗಳಲ್ಲಿ ಒಂದು ಇಡೀ ದೇಹವು ಆರುವುದನ್ನು ಸೂಚಿಸುತ್ತದೆ. ಬೇಗ ಮುಗಿದುಹೋಗುವ ಇನ್ನೊಂದು, ಪ್ರಾರಂಭದ ವಿಳಂಬವನ್ನು. ಮೇಲಿನ ನಮ್ಮ ಲೆಕ್ಕವನ್ನೇ ಈ ಬಗೆಯ ಸೂತ್ರದಿಂದ ಮಾಡಿದರೆ ನಾಲ್ಕೂವರೆಯೂ ಅಲ್ಲ, ಒಂಬತ್ತೂವರೆಯೂ ಅಲ್ಲ, ಸುಮಾರು ೭ ಗಂಟೆಯೆಂದು ಬರುತ್ತದೆ. ಅಳತೆಗಳು ಅವೇ, ಉತ್ತರಗಳು ಮಾತ್ರ ಮೂರು.

ಇನ್ನೂ ಇದೆ. ಉಷ್ಣಮಾಪಕ ನೋಡುವಾಗ ಎರಡನೆಯ ಅಳತೆಯಲ್ಲಿ ಡಿಗ್ರಿಯ ಹತ್ತನೆಯ ಎರಡು ಪಾಲಿನಷ್ಟು ಮಾತ್ರ ತಪ್ಪಾಯಿತೆನ್ನೋಣ, ೨೭.೫ರ ಬದಲು ೨೭.೭ ಎಂದು ಬರೆದುಕೊಂಡೆವು. ನ್ಯೂಟನ್ನನ ಲೆಕ್ಕದಲ್ಲಿ ಇಷ್ಟರಿಂದಲೇ ಮರಣವೇಳೆ ೪೨ ನಿಮಿಷ ಹಿಂದಕ್ಕೆ ಸರಿಯುತ್ತದೆ. ಮೃತಳಿಗೆ ಜ್ವರವಿದ್ದು ಮೈ ಮೊದಲೇ ೩೯ ಡಿಗ್ರಿ ಇದ್ದಿತೆಂದಾದರೆ ಸುಮಾರು ಒಂದು ಗಂಟೆ. ದಪ್ಪ ಉಣ್ಣೆಯ ಮೇಲಂಗಿ ತೊಟ್ಟಿದ್ದಳೆ? ಆರುವುದು ನಿಧಾನ. ಬಟ್ಟೆ ತೊಯ್ದಿತ್ತೆ? ಶೀಘ್ರ. ತೆಳ್ಳನೆಯವಳೆ? ಶೀಘ್ರ, ಏಕೆಂದರೆ ದೇಹ ತೆಳುವಾದಂತೆಲ್ಲ ತೂಕದೊಡನೆ ಹೋಲಿಸಿದರೆ ಚರ್ಮದ ವಿಸ್ತಾರ ಹೆಚ್ಚು. ಇಟ್ಟಿಗೆಯ ತಣ್ಣನೆಯ ನೆಲದ ಮೇಲೆ ಬಿದ್ದಿದ್ದಳೆ, ಹಾಸಿಗೆಯ ಮೇಲೆಯೆ? ರಾತ್ರಿಯೆಲ್ಲ ಗಾಳಿಯ ಉಷ್ಣತೆ ಒಂದೇ ಸಮನಾಗಿದ್ದಿತೆ? ಇಷ್ಟನ್ನೂ ಕೇಳದೆ ಗಂಟೆ ನಿಮಿಷಗಳನ್ನು ಹೇಳುವ ತಜ್ಞನನ್ನು ನಂಬತಕ್ಕದ್ದಲ್ಲ. ಜರ್ಮನಿಯ ಹೆನ್ಸ್‌ಗೆ ಎಂಬ ವೈದ್ಯನು ೧೯೮೦ರ ದಶಕದಲ್ಲಿ ತೂಕ, ಬಟ್ಟೆ, ಗಾಳಿ ಮುಂತಾದುವನ್ನೆಲ್ಲ ಲೆಕ್ಕಕ್ಕೆ ಹಿಡಿದು ಸಿದ್ಧಪಡಿಸಿದ ಕೋಷ್ಟಕ ಇಂದು ಲೋಕದಲ್ಲೆಲ್ಲ ಬಳಕೆಯಲ್ಲಿದೆ. ಅತ್ಯುತ್ತಮ ಪರಿಸ್ಥಿತಿಯಲ್ಲಿಯೂ ಅದು ಕೊಡುವ ಉತ್ತರದ ಹಿಂದೆ ೨.೮ ಗಂಟೆ, ಮುಂದೆ ೨.೮ ಗಂಟೆ ಅನಿಶ್ಚಯವುಂಟೆಂದು ಅದನ್ನು ರಚಿಸಿದವನೇ ಸ್ಪಷ್ಟವಾಗಿ ಹೇಳಿದ್ದಾನೆ. ನನ್ನ ದೃಷ್ಟಿಯಲ್ಲಿ ಆ ಕೋಷ್ಟಕದ ಅತ್ಯಂತ ಬೆಲೆಬಾಳುವ ಅಂಕಿ ಇದೇ.

ಪ್ರಸಂಗವಶಾತ್ ನಮ್ಮ ಕಡೆಯ ಮಾತನ್ನೂ ಹೇಳಬಹುದು. ರಾಯಚೂರಿನ ಮೇ ತಿಂಗಳ ಮಧ್ಯಾಹ್ನದಲ್ಲಿ ಗಾಳಿಯ ಉಷ್ಣತೆ ೪೦ ಡಿಗ್ರಿಯನ್ನು ದಾಟುವುದುಂಟು. ಅಲ್ಲಿ ಹೆಣಕ್ಕೂ ಗಾಳಿಗೂ ಇರುವ ಅಂತರ ತಲೆಕೆಳಗಾಗಿ, ದೇಹವು ಆರುವುದರ ಬದಲು ಮತ್ತಷ್ಟು ಬಿಸಿಯಾಗುತ್ತದೆ. ನಿಯಮ ಸುಳ್ಳಾಗಲಿಲ್ಲ, ಗಡಿಯಾರ ಮಾತ್ರ ಕೆಲಸಕ್ಕೆ ಬಾರದಾಯಿತು. ಚಳಿಯ ದೇಶಗಳ ಪಠ್ಯಪುಸ್ತಕದಿಂದ ಸೂತ್ರವನ್ನು ಎತ್ತಿ ಇಲ್ಲಿ ಹಚ್ಚುವವರು ಇದನ್ನು ನೆನಪಿನಲ್ಲಿಡಬೇಕು.

ಚಳಿ ಇನ್ನೊಂದು ಬಗೆಯಲ್ಲಿಯೂ ಪತ್ತೇದಾರನನ್ನು ಕಾಡುತ್ತದೆ. ಮರಣದ ಕೆಲವು ಗಂಟೆಗಳ ತರುವಾಯ ಸ್ನಾಯುಗಳು ಮರದಂತೆ ಬಿಗಿದುಕೊಳ್ಳುತ್ತವೆ, ಆಮೇಲೆ ಸಡಿಲವಾಗುತ್ತವೆ, ಕೊಳೆಯುವಿಕೆ ಪ್ರಾರಂಭವಾಗುತ್ತದೆ. ಇವೂ ಗಡಿಯಾರಗಳೇ. ಆದರೆ ಇವು ರಾಸಾಯನಿಕ ಕ್ರಿಯೆಗಳಿಂದ ನಡೆಯುವಂತಹವು. ಸಾಮಾನ್ಯವಾಗಿ ಉಷ್ಣತೆ ೧೦ ಡಿಗ್ರಿ ಇಳಿದರೆ ರಾಸಾಯನಿಕ ಕ್ರಿಯೆಯ ವೇಗ ಅರ್ಧಕ್ಕೆ ಇಳಿಯುತ್ತದೆ. ಹಿಮಗಾಲದಲ್ಲಿ ಬಿಗಿತ ತಡವಾಗಿ ಬರುತ್ತದೆ, ಬಂದದ್ದು ದಿನಗಟ್ಟಲೆ ಉಳಿಯುತ್ತದೆ. ಹೀಗೆ ಶೈತ್ಯವು ಕೊಲೆಯ ಗುರುತುಗಳನ್ನು ಕೆಡದಂತೆ ಕಾಪಾಡುತ್ತದೆ, ಕೊಲೆಯ ವೇಳೆಯನ್ನು ಮಾತ್ರ ಬಚ್ಚಿಡುತ್ತದೆ.

ವೇಳೆಯ ಕಥೆ ಹೀಗಾದರೆ, ‘ಯಾರು’ ಎಂಬ ಪ್ರಶ್ನೆಗೆ ಉತ್ತರಿಸಬೇಕಾದದ್ದು ಬೆರಳಚ್ಚು. ವಾರ್ಡರ್ ಬೀದಿಯ ಕೋಣೆಯಲ್ಲಿ ಡಬ್ಬಿ ತೆರೆಯುವ ಒಂದು ಉಪಕರಣ ದೊರೆಯಿತು. ಕೊಲೆಗಾರನು ಅದನ್ನು ಆಯುಧವಾಗಿ ಬಳಸಿದ್ದನು. ಬೆರಳ ತುದಿಯ ಚರ್ಮದಲ್ಲಿ ಏಣುಗಳಿವೆ. ಏಣುಗಳ ನೆತ್ತಿಯ ಮೇಲೆ ಬೆವರಿನ ರಂಧ್ರಗಳ ಸಾಲಿದೆ. ನುಣುಪಾದ ಲೋಹವನ್ನು ಹಿಡಿದಾಗ ಏಣು ಮುಟ್ಟಿದ ಕಡೆಯಲ್ಲಿ ಮಾತ್ರ ಬೆವರಿನ ತೆಳು ಪೊರೆ ಅಂಟಿಕೊಳ್ಳುತ್ತದೆ. ಅದರ ಮೇಲೆ ನಯವಾದ ಪುಡಿಯನ್ನು ಉದುರಿಸಿ ಮೃದುವಾದ ಕುಂಚದಿಂದ ನೇವರಿಸಿದರೆ ಪುಡಿ ಪೊರೆಗೆ ಹತ್ತಿಕೊಂಡು ಗೆರೆಗಳು ಎದ್ದುಬರುತ್ತವೆ. ಫೆಬ್ರುವರಿಯ ಚಳಿಯಲ್ಲಿ ಬೆವರೆಲ್ಲಿಂದ ಬಂದಿತು ಎಂದು ಕೇಳಬಹುದು. ಅಂಗೈ ಮತ್ತು ಬೆರಳುಗಳ ಬೆವರು ಮೈಯ ಮಿಕ್ಕ ಭಾಗದ ಬೆವರಿನಂತಲ್ಲ. ಅದು ಮುಖ್ಯವಾಗಿ ಸೆಕೆಗಲ್ಲ, ಮನಸ್ಸಿನ ಉದ್ವೇಗಕ್ಕೆ ಓಗೊಡುವಂತಹದು. ಪರೀಕ್ಷೆಯ ಕೊಠಡಿಯಲ್ಲಿ ಕೂತ ವಿದ್ಯಾರ್ಥಿಗಳಿಗೆ ಇದನ್ನು ಹೇಳಬೇಕಾಗಿಲ್ಲ.

ಚೆರಿಲ್ಲನು ಆ ಉಪಕರಣದ ಮೇಲಣ ಗುರುತುಗಳನ್ನು ನೋಡಿ, ಇವು ಎಡಗೈಯವೆಂದು ಹೇಳಿದನು. ಇದರಲ್ಲಿ ಮಾಯವೇನೂ ಇಲ್ಲ. ಬೆರಳಚ್ಚುಗಳಲ್ಲಿ ನೂರಕ್ಕೆ ಅರುವತ್ತಕ್ಕಿಂತ ಹೆಚ್ಚು ಕುಣಿಕೆಯ ಆಕಾರದವು, ಮೂವತ್ತರಷ್ಟು ಸುಳಿಯವು, ಉಳಿದವು ಕಮಾನಿನವು. ಕುಣಿಕೆಯ ಬಾಯಿ ಸಾಮಾನ್ಯವಾಗಿ ಕಿರುಬೆರಳಿನ ಕಡೆಗೆ ತೆರೆದಿರುತ್ತದೆ. ಬಲಗೈಯನ್ನು ಮೇಜಿನ ಮೇಲೆ ಬೋರಲಾಗಿ ಊರಿ ನೋಡಿ: ಕಿರುಬೆರಳು ಬಲಕ್ಕಿದೆ, ಆದುದರಿಂದ ಬಲಗೈಯ ಅಚ್ಚಿನಲ್ಲಿ ಕುಣಿಕೆಗಳು ಬಲಕ್ಕೆ ಹರಿಯುತ್ತವೆ, ಎಡಗೈಯದರಲ್ಲಿ ಎಡಕ್ಕೆ. ಇದರೊಡನೆ ಹಿಡಿಯ ಸುತ್ತ ಬೆರಳುಗಳು ಕೂತಿರುವ ಕ್ರಮವನ್ನೂ ನೋಡಿದರೆ ಕೈ ಯಾವುದೆಂದು ಹೇಳುವುದು ಕಷ್ಟವಲ್ಲ. ಆದರೆ ಗಾಸ್‌ಫೀಲ್ಡ್ ಬೀದಿಯ ಮೇಣದಬತ್ತಿಯ ಕಂಬದ ಮೇಲೆ ದೊರೆತದ್ದು ಬಲಗೈಯ ಗುರುತು! ಚೆರಿಲ್ಲನ ಬುದ್ಧಿ ಇಲ್ಲಿ ಮೆಚ್ಚತಕ್ಕಂತಹದು. ಬತ್ತಿಯನ್ನು ಕಂಬದಿಂದ ಕಿತ್ತಿದ್ದರು. ಕೀಳುವ ಕೆಲಸವನ್ನು ಮನುಷ್ಯ ಬಲಿಷ್ಠವಾದ ಕೈಯಿಂದ ಮಾಡುತ್ತಾನೆ, ಕಂಬವನ್ನು ಇನ್ನೊಂದರಿಂದ ಹಿಡಿಯುತ್ತಾನೆ. ಕಂಬವನ್ನು ಬಲಗೈಯಿಂದ ಹಿಡಿದವನು ಎಡಚನೇ ಆಗಿರಬೇಕು. ಎರಡು ಕೋಣೆಗಳಲ್ಲಿ ಬೇರೆಬೇರೆ ಕೈಯ ಗುರುತುಗಳು. ಅವೇ ಒಬ್ಬನೇ ಮನುಷ್ಯನೆಂಬ ಊಹೆಯನ್ನು ಬಲಪಡಿಸಿದುವು.

ಆ ಮನುಷ್ಯ ಯಾರು? ಸ್ಕಾಟ್ಲೆಂಡ್ ಯಾರ್ಡಿನ ಬೆರಳಚ್ಚಿನ ಶಾಖೆ ೧೯೦೧ರಲ್ಲಿ ಪ್ರಾರಂಭವಾಯಿತು. ಅದರ ವರ್ಗೀಕರಣ ಪದ್ಧತಿ ರೂಪುಗೊಂಡದ್ದು ಕಲ್ಕತ್ತೆಯಲ್ಲಿ. ಎಡ್ವರ್ಡ್ ಹೆನ್ರಿಯ ಹೆಸರಿನಿಂದ ಪ್ರಸಿದ್ಧವಾದ ಆ ಪದ್ಧತಿಯ ಗಣಿತಕ್ಕಾಗಿ ದುಡಿದವರು ಅಜೀಜುಲ್ ಹಕ್ ಮತ್ತು ಹೇಮಚಂದ್ರ ಬೋಸ್ ಎಂಬ ಇಬ್ಬರು ಬಂಗಾಳದ ಅಧಿಕಾರಿಗಳು. ಹತ್ತು ಬೆರಳುಗಳಲ್ಲಿ ಸುಳಿ ಯಾವುದರಲ್ಲಿದೆ, ಯಾವುದರಲ್ಲಿಲ್ಲ ಎಂಬುದರ ಮೇಲೆ ಎಲ್ಲ ಮನುಷ್ಯರನ್ನೂ ೧,೦೨೪ ವರ್ಗಗಳಿಗೆ ಹಂಚುವುದು ಆ ಪದ್ಧತಿಯ ಅಡಿಗಲ್ಲು. ಎರಡನ್ನು ಹತ್ತು ಸಲ ತನ್ನಿಂದಲೇ ಗುಣಿಸಿದರೆ ಬರುವ ಸಂಖ್ಯೆ ಇದೇ ಎಂಬುದನ್ನು ಓದುಗರು ಗಮನಿಸಬಹುದು. ಹತ್ತು ಬೆರಳೂ ಬೇಕೆಂಬುದೇ ಅದರ ತೊಡಕು. ಅಪರಾಧಿಯು ಹತ್ತನ್ನೂ ಬಿಟ್ಟುಹೋಗುವುದಿಲ್ಲ. ಒಂಟಿ ಬೆರಳಿನಿಂದ ಹುಡುಕುವ ಇನ್ನೊಂದು ಸಂಗ್ರಹವನ್ನು ೧೯೩೦ರ ಸುಮಾರಿಗೆ ಯಾರ್ಡಿನ ಬ್ಯಾಟ್ಲಿ ಎಂಬ ಅಧಿಕಾರಿ ಸಿದ್ಧಪಡಿಸಿದ್ದನು. ಅದರಲ್ಲಿಯೂ ಈ ಎಡಗೈ ಸಿಕ್ಕಲಿಲ್ಲ. ಕೊಲೆಗಾರನು ಹಿಂದೆಂದೂ ಪೋಲೀಸರ ಕೈಗೆ ಸಿಕ್ಕಿದವನಾಗಿರಲಿಲ್ಲ. ಬೆರಳಚ್ಚು ಎದುರಿಗಿರುವ ಮನುಷ್ಯನು ಇವನು ಹೌದೋ ಅಲ್ಲವೋ ಹೇಳಬಲ್ಲುದು. ಮನುಷ್ಯನನ್ನು ಎದುರಿಗೆ ತಂದು ನಿಲ್ಲಿಸಲಾರದು.

ತಂದು ನಿಲ್ಲಿಸಿದ್ದು ಒಂದು ಆಕಸ್ಮಿಕ. ಪಿಕಡಿಲಿಯ ಸಮೀಪದ ಕತ್ತಲೆಯ ಬಾಗಿಲೊಂದರಲ್ಲಿ ಸೈನಿಕನೊಬ್ಬನು ಇನ್ನೊಬ್ಬಾಕೆಯ ಕತ್ತನ್ನು ಹಿಸುಕುತ್ತಿದ್ದಾಗ, ಸಾಮಾನು ಹೊತ್ತು ಆ ದಾರಿಯಲ್ಲಿ ಬಂದ ಒಬ್ಬ ಹುಡುಗನು ಸದ್ದು ಮಾಡಿದನು. ಸೈನಿಕನು ಓಡಿಹೋದನು, ಆಕೆ ಬದುಕಿಕೊಂಡಳು. ಓಡುವಾಗ ಆತನು ವಿಷಾನಿಲದ ಮುಖವಾಡವನ್ನು ಚೀಲಸಹಿತ ಬಿಟ್ಟುಹೋದನು. ಚೀಲದ ಮೇಲೆ ೫೨೫೯೮೭ ಎಂಬ ಸೇನಾಸಂಖ್ಯೆ ಇತ್ತು. ಅದು ಗಾರ್ಡನ್ ಫ್ರೆಡರಿಕ್ ಕಮ್ಮಿನ್ಸ್ ಎಂಬ ವಾಯುಸೇನೆಯವನದು. ಆತನು ಲಂಡನ್ನಿನಲ್ಲಿಯೇ ವಿಮಾನಚಾಲಕರ ತರಬೇತಿಗಾಗಿ ಬಂದು ಬೀಡುಬಿಟ್ಟಿದ್ದನು.

ಕಮ್ಮಿನ್ಸನಿಗೆ ಒಂದು ರಕ್ಷೆಯಿತ್ತು. ಸೈನಿಕರು ರಾತ್ರಿ ಬೀಡಿಗೆ ಹಿಂದಿರುಗಿದ ವೇಳೆಯನ್ನು ಬರೆಯುವ ಪುಸ್ತಕದಲ್ಲಿ, ಕೊಲೆಗಳ ರಾತ್ರಿಗಳಂದು ಆತನು ಸಕಾಲದಲ್ಲಿ ಒಳಗಿದ್ದನೆಂದು ದಾಖಲೆಯಾಗಿತ್ತು. ಪುಸ್ತಕ ಹೇಳುವ ವೇಳೆಗೂ ಕೊಲೆಯ ವೇಳೆಗೂ ತಾಳೆಯಾಗದಿದ್ದರೆ ಆತನು ಪಾರು. ಹೆಣದ ಶಾಖದಿಂದ ಈ ಬೇಲಿಯನ್ನು ಮುರಿಯಬಹುದಾಗಿತ್ತೆ? ಮೇಲೆ ಕಂಡ ಲೆಕ್ಕಗಳೇ ಉತ್ತರ ಹೇಳುತ್ತವೆ. ಐದಾರು ಗಂಟೆಯಷ್ಟು ಅಗಲದ ಅನಿಶ್ಚಯವುಳ್ಳ ಗಡಿಯಾರ, ಸೈನಿಕನೊಬ್ಬನು ಹತ್ತೂವರೆಗೆ ಒಳಬಂದನೆ ಒಂದು ಗಂಟೆಗೆ ಬಂದನೆ ಎಂಬುದನ್ನು ತೀರ್ಮಾನಿಸಲಾರದು. ಬೇಲಿಯನ್ನು ಮುರಿದದ್ದು ಗ್ರೀನೊವಿನ ವಿಚಾರಣೆ. ಸೈನಿಕರು ಒಬ್ಬರಿಗಾಗಿ ಒಬ್ಬರು ಪುಸ್ತಕದಲ್ಲಿ ಬರೆಯುತ್ತಿದ್ದರೆಂದೂ, ಒಳಬಂದವರು ಮತ್ತೆ ಹೊರಗೆ ಜಾರಿಹೋಗುತ್ತಿದ್ದರೆಂದೂ ಅದರಿಂದ ತಿಳಿಯಿತು. ಪುಸ್ತಕದ ವೇಳೆ ಉಷ್ಣಮಾಪಕದ ವೇಳೆಗಿಂತ ನಿಖರವಾಗಿ ಕಾಣುತ್ತಿದ್ದಿತು, ಅಷ್ಟೆ, ಹೆಚ್ಚು ನಿಜವಾಗಿರಲಿಲ್ಲ.

ಮುಂದಿನದು ಬೇಗನೆ ನಡೆಯಿತು. ಹತರಾದವರ ಕೆಲವು ವಸ್ತುಗಳು ಆತನ ಬಳಿ ದೊರೆತವು. ಮುಖವಾಡದ ಚೀಲದ ಮಡಿಕೆಗಳಲ್ಲಿ ಸಿಕ್ಕಿದ್ದ ಗಾರೆಯ ಧೂಳು ಮಾಂಟಗ್ಯು ಪ್ಲೇಸಿನ ಆಶ್ರಯತಾಣದ ಗಾರೆಯೊಡನೆ ಹೊಂದಿಕೊಂಡಿತು. ಯುದ್ಧದ ಅವಸರದಲ್ಲಿ ಕಟ್ಟಿದ ಗೋಡೆಯು ಮುಟ್ಟಿದವರಿಗೆ ತನ್ನ ಧೂಳನ್ನು ಅಂಟಿಸಿ ಕಳುಹಿಸಿದ್ದಿತು. ಕಮ್ಮಿನ್ಸನ ಬೆರಳನ್ನು ಒತ್ತಿಸಿ ನೋಡಿದಾಗ ಗುರುತುಗಳು ಸರಿಹೋದುವು. ಆತನು ಎಡಚನೇ ಆಗಿದ್ದನು.

ವಾರ್ಡರ್ ಬೀದಿಯ ಕೊಲೆಗಾಗಿ ಏಪ್ರಿಲಿನಲ್ಲಿ ವಿಚಾರಣೆ ಪ್ರಾರಂಭವಾದಾಗ ಒಂದು ವಿಪರೀತ ನಡೆಯಿತು. ಜ್ಯೂರಿಯವರ ಕೈಗೆ ಬೇರೊಂದು ಪ್ರಕರಣಕ್ಕೆ ಸೇರಿದ ಬೆರಳಚ್ಚಿನ ಚಿತ್ರ ಹೋಗಿಬಿಟ್ಟಿತು. ನ್ಯಾಯಾಧೀಶನು ಆ ಜ್ಯೂರಿಯನ್ನು ವಿಸರ್ಜಿಸಿ, ಹೊಸಬರನ್ನು ಕೂರಿಸಿ, ಮೊದಲಿನಿಂದ ವಿಚಾರಣೆ ನಡೆಸಿದನು. ಇಷ್ಟು ಸ್ಪಷ್ಟವಾದ ಮೊಕದ್ದಮೆಯಲ್ಲಿಯೂ ತಪ್ಪು ಪ್ರಮಾಣವನ್ನು ನೋಡಿದ ಕಣ್ಣುಗಳನ್ನು ಕಾನೂನು ಒಪ್ಪಲಿಲ್ಲವೆಂಬುದು ಗಮನಾರ್ಹ. ಎರಡನೆಯ ಜ್ಯೂರಿ ೩೫ ನಿಮಿಷಗಳಲ್ಲಿ ಅಪರಾಧಿಯೆಂದು ತೀರ್ಮಾನವಿತ್ತಿತು. ೧೯೪೨ರ ಜೂನ್ ೨೫ರಂದು ವಾಂಡ್ಸ್‌ವರ್ತ್ ಸೆರೆಮನೆಯಲ್ಲಿ ಕಮ್ಮಿನ್ಸನನ್ನು ಗಲ್ಲಿಗೇರಿಸಲಾಯಿತು.

ಇಲ್ಲಿ ಸಾಕ್ಷ್ಯಗಳು ಪರಸ್ಪರ ಆಧಾರವಾಗಿ ನಿಂತವು. ಹಾಗಿಲ್ಲದೆ ಒಬ್ಬ ತಜ್ಞನ ಮಾತೊಂದೇ ಆಧಾರವಾದ ಮೊಕದ್ದಮೆಗಳೂ ಸ್ಪಿಲ್ಸ್‌ಬರಿಯ ಜೀವನದಲ್ಲಿ ಇದ್ದುವು. ೧೯೨೫ರ ನಾರ್ಮನ್ ಥಾರ್ನ್ ಎಂಬವನ ಮೊಕದ್ದಮೆಯಲ್ಲಿ ಇತರ ವೈದ್ಯರು ಸ್ಪಿಲ್ಸ್‌ಬರಿಯ ಅಭಿಪ್ರಾಯಕ್ಕೆ ವಿರುದ್ಧವಾಗಿ ಸಾಕ್ಷ್ಯ ನುಡಿದರು. ಜ್ಯೂರಿಯು ಸ್ಪಿಲ್ಸ್‌ಬರಿಯನ್ನೇ ನಂಬಿತು. ಥಾರ್ನನು ನೇಣಿಗೆ ಹೋದನು. ಷರ್ಲಾಕ್ ಹೋಮ್ಸನನ್ನು ಸೃಷ್ಟಿಸಿದ ಕಾನನ್ ಡಾಯ್ಲನು ಕೂಡ ಆ ತೀರ್ಪಿನ ಬಗೆಗೆ ಅಸಮಾಧಾನ ಸೂಚಿಸಿದನು. ಎತ್ತರದ ನಿಲುವು, ಗಂಭೀರ ಮುಖ, ತಡವರಿಸದ ಉತ್ತರ. ಜ್ಯೂರಿಯವರಿಗೆ ಇವು ಪ್ರಮಾಣದಂತೆಯೇ ಕಂಡವು. ಆತನು ಒಂಟಿಯಾಗಿ ಕೆಲಸಮಾಡುತ್ತಿದ್ದನು, ಶಿಷ್ಯರನ್ನು ಬೆಳಸಲಿಲ್ಲ, ಗ್ರಂಥ ಬರೆಯಲಿಲ್ಲ. ಆದುದರಿಂದ ಆತನ ನಿರ್ಣಯಗಳ ಹಿಂದಣ ದಾರಿಯನ್ನು ಇನ್ನೊಬ್ಬರು ನಡೆದು ನೋಡುವಂತಿರಲಿಲ್ಲ. ಆತನ ಕೆಲವು ನಿರ್ಣಯಗಳನ್ನು ಈಚಿನ ಸಂಶೋಧಕರು ಸಂಶಯದಿಂದ ನೋಡಿರುವುದು ಸಹಜವೇ ಆಗಿದೆ. ಅನಿಶ್ಚಯವನ್ನು ಅಂಕಿಯಲ್ಲಿ ಹೇಳುವ ಅಭ್ಯಾಸವೊಂದನ್ನು ಆತನು ಮಾಡಿಕೊಂಡಿದ್ದರೆ ಆ ಗಂಭೀರ ಮುಖಕ್ಕೆ ಕುಂದೇನೂ ಬರುತ್ತಿರಲಿಲ್ಲವೆಂದು ನನಗೆ ತೋರುತ್ತದೆ.

೧೯೪೫ರಲ್ಲಿ ಇನ್ನೊಬ್ಬ ಮಗ ಆಲನ್ನನು ಕ್ಷಯದಿಂದ ತೀರಿಕೊಂಡನು. ೧೯೪೭ರ ಡಿಸೆಂಬರ್ ೧೭ರಂದು, ಮತ್ತೊಂದು ಚಳಿಗಾಲದ ರಾತ್ರಿ, ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿದ್ದ ತನ್ನ ಸಣ್ಣ ಪ್ರಯೋಗಾಲಯದಲ್ಲಿ ಸ್ಪಿಲ್ಸ್‌ಬರಿ ತನ್ನ ಪ್ರಾಣವನ್ನು ತಾನೇ ಕಳೆದುಕೊಂಡನು.

ತಾನು ಪರೀಕ್ಷಿಸಿದ ಶವಗಳ ವಿವರವನ್ನು ಆತನು ಚಿಕ್ಕ ಚೀಟಿಗಳ ಮೇಲೆ ಸ್ವಹಸ್ತದಿಂದ ಬರೆದಿಡುತ್ತಿದ್ದನು. ಅಂತಹ ಸುಮಾರು ೪,೦೦೦ ಚೀಟಿಗಳು ೨೦೦೮ರಲ್ಲಿ ಹರಾಜಿಗೆ ಬಂದು ಲಂಡನ್ನಿನ ವೆಲ್‌ಕಮ್ ಗ್ರಂಥಾಲಯವನ್ನು ಸೇರಿದವು. ಆತನು ನಡೆದ ದಾರಿಯನ್ನು ಇಂದು ಪರಿಶೀಲಿಸಬಯಸುವವರಿಗೆ ಆತನು ಬಿಟ್ಟುಹೋದದ್ದು ಆ ಚೀಟಿಗಳು.